ಕೊನೆಯ ಸ್ಥಾನದ ಪೈಪೋಟಿ

ಮಾರ್ಚ್ ಬಂದರೆ ನನಗೆ ಅಮೆರಿಕದ ಬೇಸ್‌ಬಾಲ್ ತಂಡಗಳ ವಸಂತ ಶಿಬಿರದ್ದೇ ಧ್ಯಾನ. ತಂಡದ ಕೊನೆಯ ಸ್ಥಾನಗಳು ಯಾರಿಗೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಹೆಸರೇ ಕೇಳದ ಹುಡುಗನೊಬ್ಬ ಹಳಬನನ್ನು ಹಿಂದಿಕ್ಕಿದರೆ ನನಗೆ ಹಬ್ಬ.

ಆದರೆ ಈ ಪೈಪೋಟಿ ಎಲ್ಲರಿಗೂ ತೆರೆದಿರಲಿಲ್ಲ. 1946ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಕಿರಿಯ ತಂಡದೊಂದಿಗೆ ಫ್ಲಾರಿಡಾಕ್ಕೆ ಬಂದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬೆದರಿಕೆಯಿಂದಾಗಿ ಸ್ಯಾನ್‌ಫರ್ಡ್ ಊರನ್ನೇ ಬಿಡಬೇಕಾಯಿತು. ಜಾಕ್ಸನ್‌ವಿಲ್‌ನಲ್ಲಿ ಮೈದಾನಕ್ಕೆ ಬೀಗ ಬಿತ್ತು. ಡೇಟೋನಾ ಬೀಚ್ ಮಾತ್ರ ಮಾರ್ಚ್ 17ರಂದು ಅವರಿಗೆ ಆಡಲು ಬಿಟ್ಟಿತು. ಮರುವರ್ಷ ಶಿಬಿರ ಕ್ಯೂಬಾದ ಹವಾನಾದಲ್ಲಿ. ಎರಡನೇ ಬೇಸ್ ಕಾಯುತ್ತಿದ್ದವರು ಜಾಗ ಗಿಟ್ಟಿಸಲು ಮೊದಲ ಬೇಸ್ ಕಲಿತರು; 1947ರ ಏಪ್ರಿಲ್ 15ರಂದು ಮೇಜರ್ ಲೀಗ್ ಅಂಗಳಕ್ಕಿಳಿದರು.

1946ರಲ್ಲಿ ಅವರ ಜೊತೆಗೇ ಬಂದಿದ್ದ ಕಪ್ಪು ಪಿಚರ್ ಜಾನ್ ರೈಟ್‌ಗೆ ಆ ಅಂಗಳ ಸಿಗಲೇ ಇಲ್ಲ. ಹಾಗಾಗಿ ಪ್ರತಿ ಮಾರ್ಚ್‌ನಲ್ಲೂ ಪಟ್ಟಿಯಿಂದ ಹೊರಬಿದ್ದವರ ಹೆಸರುಗಳನ್ನೂ ಓದುತ್ತೇನೆ.