ಹೊಶಿನಾ ಮಸಯುಕಿ: ಸಂಯಮದ ಆಳ್ವಿಕೆ, ನಿಷ್ಠೆಯ ಹೊರೆ

1657ರ ಮೇರೆಕಿ ಬೆಂಕಿ ಜಪಾನಿನ ಎದೋ ನಗರದ ಬಹುಭಾಗವನ್ನು ಸುಟ್ಟಿತು. ದೇಶವಾಳುತ್ತಿದ್ದ ಸೇನಾಧಿಪತಿ ಶೋಗುನ್‌ನ ಕೋಟೆಯ ನಡುಗೋಪುರವೂ ಉಳಿಯಲಿಲ್ಲ. ಅದನ್ನು ಮತ್ತೆ ಎಬ್ಬಿಸಬೇಕೆಂಬ ಮಾತು ಬಂದಾಗ ಐಝು ಸಂಸ್ಥಾನದ ಒಡೆಯ ಹೊಶಿನಾ ಮಸಯುಕಿ (1611–1673) ಒಪ್ಪಲಿಲ್ಲ. ದೂರ ನೋಡುವುದಕ್ಕಷ್ಟೇ ಒದಗುವ ಕಟ್ಟಡಕ್ಕಿಂತ ನಿರಾಶ್ರಿತರಾದ ಜನ ಮುಖ್ಯವೆಂಬುದು ಅವನ ವಾದ. ಗೋಪುರ ಮರಳಿ ಏಳಲೇ ಇಲ್ಲ.

ಇವನು ಎರಡನೆಯ ಶೋಗುನ್ ತೊಕುಗಾವಾ ಹಿದೆತದನ ಮಗ. ಪಟ್ಟದ ಹೆಂಡತಿಗೆ ಹುಟ್ಟಿದವನಲ್ಲವಾದ್ದರಿಂದ ಗುಟ್ಟಾಗಿ ಬೆಳೆದು, 1617ರಲ್ಲಿ ತಕಾತೊದ ಹೊಶಿನಾ ಮನೆತನಕ್ಕೆ ದತ್ತು ಹೋದ. ಮಲಸಹೋದರ ಇಯೆಮಿತ್ಸು ಶೋಗುನ್ ಆದ ಮೇಲೆ ಭಾಗ್ಯ ತೆರೆಯಿತು: 1631ರಲ್ಲಿ 30,000 ಕೊಕು (ಅಕ್ಕಿಯ ಅಳತೆ) ಹುಟ್ಟುವಳಿಯ ತಕಾತೊ, 1636ರಲ್ಲಿ ಯಮಗತಾ, 1643ರಲ್ಲಿ 2,30,000 ಕೊಕುವಿನ ಐಝು. 1651ರಲ್ಲಿ ಇಯೆಮಿತ್ಸು ಸಾಯುವಾಗ ತನ್ನ ಎಳೆಯ ಮಗ ಇಯೆತ್ಸುನನನ್ನು ಇವನ ಕೈಗೊಪ್ಪಿಸಿದ. ತೊಕುಗಾವಾ ರಕ್ತದವನಾದರೂ ಮಸಯುಕಿ ಸಾಕಿದ ಮನೆಯ ಹೆಸರನ್ನು ಕೊನೆಯವರೆಗೂ ಬಿಡಲಿಲ್ಲ.

ಅವನ ನಿಜವಾದ ಹಿರಿಮೆ ಕಾಣುವುದು ಐಝುವಿನ ಹಳ್ಳಿಗಳಲ್ಲಿ. 1655ರಲ್ಲಿ ಸಂಸ್ಥಾನದ ಹಣದಿಂದ ಅಕ್ಕಿ ಕೊಂಡು ಕಣಜ ತುಂಬಿಸಿದ. ಕಷ್ಟಕಾಲದಲ್ಲಿ ರೈತರಿಗೆ ಅದನ್ನು ಸಾಲವಾಗಿ ಕೊಡುವ ಏರ್ಪಾಡು ಮಾಡಿದ. ಬಡ್ಡಿ ನೂರಕ್ಕೆ 20. ಈ ಕಾಲಕ್ಕೆ ದುಬಾರಿ ಎನಿಸಬಹುದು, ಆದರೆ ಕಣಜ ಬರಿದಾಗದೆ ಬೆಳೆದದ್ದು ಆ ಬಡ್ಡಿಯಿಂದಲೇ. 1663ರಲ್ಲಿ 90 ದಾಟಿದ ಎಲ್ಲರಿಗೂ, ಸಮುರಾಯಿಯಿರಲಿ ರೈತನಿರಲಿ, ಗಂಡಿರಲಿ ಹೆಣ್ಣಿರಲಿ, ಒಬ್ಬರ ಊಟಕ್ಕಾಗುವಷ್ಟು ಅಕ್ಕಿಯನ್ನು ಗೊತ್ತುಮಾಡಿದ. ಒಡೆಯ ಸತ್ತಾಗ ಸೇವಕರು ಪ್ರಾಣ ಕಳೆದುಕೊಳ್ಳುವ ಪದ್ಧತಿಯನ್ನು ಐಝುವಿನಲ್ಲಿ 1661ರಲ್ಲೇ ನಿಷೇಧಿಸಿದ್ದ. ಎರಡು ವರ್ಷಗಳ ತರುವಾಯ ಶೋಗುನ್ ಸರ್ಕಾರವೂ ಅದೇ ಹಾದಿ ಹಿಡಿಯಿತು.

ಇಷ್ಟು ವಿವೇಕಿಯಾದವನು 1668ರಲ್ಲಿ ಬರೆಸಿದ 15 ವಿಧಿಗಳ ಮನೆತನದ ಕಟ್ಟಳೆ ಬೇರೆಯೇ ಮುಖ ತೋರಿಸುತ್ತದೆ. ಹೆಂಗಸರ ಮಾತಿಗೆ ಕಿವಿಗೊಡಬೇಡಿ ಎನ್ನುವ ವಿಧಿ ಅದರಲ್ಲಿದೆ. ಎಲ್ಲಕ್ಕಿಂತ ಭಾರವಾದದ್ದು ಮೊದಲನೆಯದು: ಶೋಗುನ್‌ಗೆ ಅಚಲ ನಿಷ್ಠೆ. ಎರಡು ಮನಸ್ಸಿನವನು ತನ್ನ ವಂಶದವನೇ ಅಲ್ಲ, ಅಂಥವನನ್ನು ಸೇವಕರು ಅನುಸರಿಸಕೂಡದು ಎಂದು ಅದು ವಿಧಿಸಿತು.

1862ರಲ್ಲಿ ಕ್ಯೋಟೊ ನಗರದ ರಕ್ಷಣಾಧಿಕಾರಿಯಾಗುವಂತೆ ಮಸಯುಕಿಯ ಗಾದಿಯಲ್ಲಿದ್ದ ಐಝುವಿನ ಒಡೆಯ ಮತ್ಸುದೈರಾ ಕತಮೊರಿಗೆ ಶೋಗುನ್ ಸರ್ಕಾರದ ಕರೆ ಬಂತು. ಹಿರಿಯ ಸೇವಕರು ಬೇಡವೆಂದರು. ಅವನಿಗೋ ಕಟ್ಟಳೆಯ ಮೊದಲ ವಿಧಿಯನ್ನು ಮೀರಲಾಗಲಿಲ್ಲ. ಮಸಯುಕಿಯ ಕೊಡುಗೆಯನ್ನು ಅಳೆಯುವವರು ಅವನ ಕಣಜಗಳ ಜೊತೆಗೆ ಈ ವಿಧಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾನು ಆಳುವಾಗ ಪ್ರತಿ ಸಂದರ್ಭವನ್ನೂ ತೂಗಿ ನೋಡಿದವನು ಮುಂದಿನವರಿಗೆ ಆ ಸ್ವಾತಂತ್ರ್ಯವನ್ನು ಬಿಡಲಿಲ್ಲ. ಆ ನಿಷ್ಠೆಯ ಬೆಲೆಯಾಗಿ, 1868ರಲ್ಲಿ ಶೋಗುನ್ ವಿರೋಧಿ ಪಡೆಗಳ ಸುಮಾರು ಒಂದು ತಿಂಗಳ ಮುತ್ತಿಗೆಯ ನಂತರ ಐಝು ಕೋಟೆ ಶರಣಾಯಿತು, ಸಂಸ್ಥಾನ ಕೈತಪ್ಪಿತು. ಕೊನೆಗೆ ಆ ಮನೆತನಕ್ಕೆ ದಕ್ಕಿದ್ದು ಉತ್ತರದ ತೊನಾಮಿಯಲ್ಲಿ 30,000 ಕೊಕುವಿನ ಬಡ ಸೀಮೆ.