ಹೊಸ ಪೋಪರ ಊರು ಯಾವುದು?

2025ರ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ. ಮೇ 8ರಂದು ರೋಮಿನಲ್ಲಿ ಹೊಸ ಪೋಪರ ಆಯ್ಕೆಯಾಗಿತ್ತು. ರಜೆಯಲ್ಲಿದ್ದ ಮಕ್ಕಳಿಗೆ ಆ ಸುದ್ದಿ ಅರ್ಧಂಬರ್ಧ ತಲುಪಿತ್ತು. ಎಂಟನೇ ತರಗತಿಯ ಸಮಾಜ ವಿಜ್ಞಾನದ ಪಿರಿಯಡ್‌ನಲ್ಲಿ ಪಾಠಕ್ಕೆ ಮುನ್ನ ಹತ್ತು ನಿಮಿಷ ಅದನ್ನೇ ಹೇಳೋಣ ಅಂದುಕೊಂಡೆ. ಬೋರ್ಡಿನ ಮೇಲೆ ‘ಹದಿನಾಲ್ಕನೇ ಲಿಯೋ’ ಎಂದು ಬರೆದು, “ಇವರು ಅಮೆರಿಕದ ಮೊದಲ ಪೋಪ್. ಇವರಿಗಿಂತ ಮುಂಚೆ ಇದ್ದ ಫ್ರಾನ್ಸಿಸ್ ಅರ್ಜೆಂಟೀನಾದವರು” ಎಂದೆ.

ಎರಡನೇ ಬೆಂಚಿನ ಹುಡುಗಿ ಅಟ್ಲಾಸ್ ಬಿಡಿಸಿಕೊಂಡೇ ಕೂತಿದ್ದಳು. “ಸರ್, ಅರ್ಜೆಂಟೀನಾ ಕೂಡ ಅಮೆರಿಕದಲ್ಲೇ ಇದೆಯಲ್ಲ?”

ಇದೆ. ದಕ್ಷಿಣ ಅಮೆರಿಕದಲ್ಲಿ. ಪತ್ರಿಕೆಗಳ ತಲೆಬರಹವನ್ನು ನಾನು ಹಾಗೇ ಒಪ್ಪಿಸಿದ್ದೆ. ಅಮೆರಿಕ ಖಂಡಗಳಿಂದ ಬಂದ ಮೊದಲ ಪೋಪ್ ಫ್ರಾನ್ಸಿಸ್. ಲಿಯೋ ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಬಂದ ಮೊದಲಿಗರು. ತಿದ್ದಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಪ್ರಶ್ನೆ ಬಂತು. “ಹಾಗಾದರೆ ಅವರ ಊರು ಯಾವುದು ಸರ್?”

ಹೊಸಬರು ಯಾರು ಬಂದರೂ ನಾವು ಮೊದಲು ಕೇಳುವುದು ಅದನ್ನೇ ತಾನೆ? ಶಿಕಾಗೋ ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಮುಗಿಸಲು ಮನಸ್ಸಾಗಲಿಲ್ಲ. “ನಾಳೆ ಹೇಳುತ್ತೇನೆ” ಎಂದೆ.

ಆವತ್ತು ಉಳಿದ ಸಮಯವನ್ನು ಚುನಾವಣೆಯೇ ನುಂಗಿತು. ಮಕ್ಕಳಿಗೆ ಅದರಷ್ಟು ಮೋಜಿನ ಸಂಗತಿ ಬೇರೆ ಇಲ್ಲ. 1268ರಲ್ಲಿ ಇಟಲಿಯ ವಿತೆರ್ಬೋ ಊರಿನಲ್ಲಿ ಸೇರಿದ ಕಾರ್ಡಿನಲ್‌ಗಳು ಹೊಸ ಪೋಪರನ್ನು ಆರಿಸಲು ಮೂರು ವರ್ಷದ ಹತ್ತಿರ ಹತ್ತಿರ ಎಳೆದರು. ರೋಸಿಹೋದ ಊರಿನ ಜನ ಅವರನ್ನು ಒಳಗೆ ಕೂಡಿ ಬಾಗಿಲು ಹಾಕಿ, ಊಟಕ್ಕೆ ಕಡಿವಾಣ ಹಾಕಿ, ಕೊನೆಗೆ ಮೇಲಿನ ಸೂರನ್ನೂ ಕಿತ್ತರು. 1271ರಲ್ಲಿ ಆಯ್ಕೆಯಾದ ಹತ್ತನೇ ಗ್ರೆಗೊರಿ ಅಲ್ಲಿ ಇರಲೇ ಇಲ್ಲ, ದೂರದ ಪ್ಯಾಲೆಸ್ಟೈನಿನಲ್ಲಿದ್ದರು. ಇಂಥದ್ದು ಮರುಕಳಿಸಬಾರದೆಂದು ಅವರೇ 1274ರಲ್ಲಿ ನಿಯಮ ಮಾಡಿದರು: ಮೂರು ದಿನದಲ್ಲಿ ತೀರ್ಮಾನ ಆಗದಿದ್ದರೆ ಊಟಕ್ಕೆ ಒಂದೇ ಖಾದ್ಯ, ಮತ್ತೂ ಐದು ದಿನ ಕಳೆದರೆ ಬ್ರೆಡ್ಡು, ನೀರು, ದ್ರಾಕ್ಷಾರಸ ಅಷ್ಟೆ. “ನಮ್ಮ ಶಾಸಕರಿಗೂ ಮಾಡಬೇಕು ಸರ್” ಎಂದ ಒಬ್ಬ. ನಾನು ಕೇಳಿಸದವನಂತೆ ಇದ್ದೆ.

ಈ ಸಲ ಅಷ್ಟೆಲ್ಲ ಬೇಕಾಗಲಿಲ್ಲ. ಮತ ಹಾಕಿದವರು 133 ಜನ, ಬೇಕಿದ್ದದ್ದು ಮೂರನೇ ಎರಡರಷ್ಟು, ಅಂದರೆ 89. ಎರಡನೇ ದಿನ, ನಾಲ್ಕನೇ ಸುತ್ತಿಗೆ ಮುಗಿಯಿತು. ಎಣಿಸಿದ ಚೀಟಿಗಳನ್ನು ಸೂಜಿ ದಾರದಿಂದ ಪೋಣಿಸಿ ಸುಡುತ್ತಾರೆ ಎಂದಾಗ ಹೂ ಕಟ್ಟುವ ಮನೆಯ ಹುಡುಗನ ಮುಖ ಅರಳಿತು. ಬಿಳಿ ಹೊಗೆ ಬರುವ ಮುನ್ನ ಚಿಮಣಿಯ ಪಕ್ಕ ಕಡಲಕ್ಕಿಗಳು ಮರಿಯೊಂದಿಗೆ ಓಡಾಡುತ್ತಿದ್ದವು, ಜಗತ್ತಿನ ಕ್ಯಾಮೆರಾಗಳೆಲ್ಲ ಅವನ್ನೇ ನೋಡುತ್ತಿದ್ದವು. ಆಯ್ಕೆಯಾದವರು ಬಟ್ಟೆ ಬದಲಿಸುವ ಕೋಣೆಗೆ ‘ಕಣ್ಣೀರಿನ ಕೋಣೆ’ ಎಂದೇ ಹೆಸರು. ಯಾರು ಆಯ್ಕೆಯಾಗುತ್ತಾರೋ ತಿಳಿಯದಾದ್ದರಿಂದ ಅಲ್ಲಿ ಬಿಳಿ ನಿಲುವಂಗಿಗಳನ್ನು ಮೂರು ಅಳತೆಯಲ್ಲಿ ಹೊಲಿಸಿಟ್ಟಿರುತ್ತಾರೆ.

ಮಾರನೇ ದಿನ ಊರಿನ ವಿಷಯ ತೆಗೆದೆ.

ರಾಬರ್ಟ್ ಫ್ರಾನ್ಸಿಸ್ ಪ್ರಿವೋಸ್ಟ್ ಹುಟ್ಟಿದ್ದು 1955ರ ಸೆಪ್ಟೆಂಬರ್ 14ರಂದು ಶಿಕಾಗೋದಲ್ಲಿ, ಬೆಳೆದದ್ದು ಅದರ ಅಂಚಿನ ಡೋಲ್ಟನ್ ಎಂಬಲ್ಲಿ. ತಂದೆ ಶಾಲಾ ಆಡಳಿತಗಾರ, ತಾಯಿ ಮಿಲ್ಡ್ರೆಡ್ ಗ್ರಂಥಪಾಲಕಿ. ಮೂವರು ಗಂಡುಮಕ್ಕಳಲ್ಲಿ ಕಿರಿಯವರು. ಮನೆಯ ಇಸ್ತ್ರಿ ಮಣೆಯ ಮೇಲೆ ಬಟ್ಟೆ ಹಾಸಿ, ಅದನ್ನೇ ಪೀಠ ಮಾಡಿಕೊಂಡು ಪೂಜೆಯಾಟ ಆಡುತ್ತಿದ್ದರಂತೆ. ಅಣ್ಣ ಹೇಳಿದ ಮಾತಿದು. ಕಾಲೇಜಿನಲ್ಲಿ ಓದಿದ್ದು ಗಣಿತ. ಇದನ್ನು ಕೇಳಿ ತರಗತಿಯಲ್ಲಿ ಸಣ್ಣ ನಿಟ್ಟುಸಿರು ಹೊರಟಿತು. ಅಗಸ್ಟಿನ್ ಸಭೆ ಸೇರಿ, 1982ರಲ್ಲಿ ಗುರುದೀಕ್ಷೆ ಪಡೆದು, 1985ರಲ್ಲಿ ಪೆರು ದೇಶದ ಚುಲುಕಾನಾಸ್‌ಗೆ ಹೋದರು. ಆಮೇಲೆ ವರ್ಷಗಟ್ಟಲೆ ತ್ರುಹಿಯೋದಲ್ಲಿದ್ದರು. 2015ರಲ್ಲಿ ಚಿಕ್ಲಾಯೋದ ಧರ್ಮಾಧ್ಯಕ್ಷರಾದರು, ಅದೇ ವರ್ಷ ಪೆರುವಿನ ಪೌರತ್ವ ಪಡೆದರು. ಅಲ್ಲಿ ನೆರೆ ಬಂದಾಗ ರಬ್ಬರ್ ಬೂಟು ಹಾಕಿಕೊಂಡು ಕೆಸರಲ್ಲಿ ನಿಂತ ಅವರ ಫೋಟೋ ಇದೆ. ನನ್ನ ಮಟ್ಟಿಗೆ ಬಾಲ್ಕನಿಯ ಚಿತ್ರಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಆಯ್ಕೆಯಾದ ಸಂಜೆ ಬಾಲ್ಕನಿಗೆ ಬಂದವರು ಇಟಾಲಿಯನ್ನಿನಲ್ಲಿ ಮಾತಾಡಿದರು, ನಡುವೆ ತಮ್ಮ ಚಿಕ್ಲಾಯೋದ ಜನರಿಗೆ ಸ್ಪ್ಯಾನಿಷಿನಲ್ಲಿ ನಮಸ್ಕಾರ ಹೇಳಿದರು. ಇಂಗ್ಲಿಷ್ ಒಂದು ಮಾತೂ ಬರಲಿಲ್ಲ. “ಅವರ ಮನೆ ಮಾತು ಇಂಗ್ಲಿಷೇ ಅಲ್ವಾ ಸರ್?” ಹೌದು. ಆದರೆ ಅವರ ತಾಯಿಯ ತಂದೆತಾಯಿ ಬಂದದ್ದು ಬೇರೆಯೇ ಲೋಕದಿಂದ.

ಇಲ್ಲಿಂದ ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಹಿಂದಿನ ರಾತ್ರಿ ಯೋಚಿಸಿದ್ದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, “ಹೆಸರು, ದೇಶ, ತಾರೀಕು ಹೇಳಿ ಬಿಡಿ, ಪರೀಕ್ಷೆಗೆ ಅಷ್ಟು ಸಾಕು” ಎಂದಿದ್ದರು. ಅವರ ಮಾತು ತಪ್ಪಲ್ಲ. ಆದರೆ ಮಕ್ಕಳು ಕೇಳಿದ್ದು ಊರು.

ಹೊಸ ಪೋಪರ ಹೆಸರು ಹೊರಬಿದ್ದ ಬೆನ್ನಲ್ಲೇ ನ್ಯೂ ಆರ್ಲಿಯನ್ಸಿನ ವಂಶಾವಳಿ ಸಂಶೋಧಕ ಜಾರಿ ಹೊನೊರಾ ಹಳೆಯ ಕಡತಗಳನ್ನು ತೆಗೆದರು. ತಾಯಿಯ ತಂದೆ ಜೋಸೆಫ್ ಮಾರ್ಟಿನೆಜ್, ತಾಯಿ ಲೂಯೀಸ್. 1887ರಲ್ಲಿ ಅವರ ಮದುವೆ ನಡೆದದ್ದು ನ್ಯೂ ಆರ್ಲಿಯನ್ಸಿನಲ್ಲಿ. ವಾಸ ಸೆವೆಂತ್ ವಾರ್ಡಿನಲ್ಲಿ, ಕ್ರಿಯೋಲ್ ಜನರ ಕೇರಿಯಲ್ಲಿ. ಆಫ್ರಿಕಾ, ಫ್ರಾನ್ಸ್, ಸ್ಪೇನ್, ಕೆರಿಬಿಯನ್ ದ್ವೀಪಗಳ ರಕ್ತ, ನುಡಿ, ಅಡುಗೆ ಬೆರೆತ ಕ್ಯಾಥೊಲಿಕ್ ಸಮುದಾಯ ಅದು. 1900ರ ಜನಗಣತಿಯಲ್ಲಿ ಆ ಕುಟುಂಬದ ಮುಂದೆ ‘ಕಪ್ಪು’ ಎಂದಿದೆ, ಜೋಸೆಫ್ ಹುಟ್ಟಿದ್ದು ಹೈಟಿಯಲ್ಲಿ ಎಂದಿದೆ. ಬೇರೆ ಕಡತಗಳಲ್ಲಿ ಅವರ ಹುಟ್ಟೂರು ಬೇರೆ. 1910ರ ನಂತರದ ವರ್ಷಗಳಲ್ಲಿ ಕುಟುಂಬ ಶಿಕಾಗೋಗೆ ಹೋಯಿತು, ಮಿಲ್ಡ್ರೆಡ್ ಅಲ್ಲಿ ಹುಟ್ಟಿದರು. 1920ರ ಜನಗಣತಿಯಲ್ಲಿ ಅದೇ ಕುಟುಂಬದ ಮುಂದೆ ‘ಬಿಳಿ’ ಎಂದಿದೆ.

ತರಗತಿ ಸುಮ್ಮನಾಯಿತು. “ಅದು ಹೇಗೆ ಸರ್ ಬದಲಾಗುತ್ತೆ?”

ಅದಕ್ಕೆ ಉತ್ತರ ಹೇಳಲು ಒಂದು ರೈಲು ಬೇಕು. 1892ರಲ್ಲಿ ಅದೇ ನ್ಯೂ ಆರ್ಲಿಯನ್ಸಿನಲ್ಲಿ ಹೋಮರ್ ಪ್ಲೆಸಿ ಎಂಬ ಕ್ರಿಯೋಲ್ ಯುವಕ ಬಿಳಿಯರ ಬೋಗಿಯಲ್ಲಿ ಕೂತರು. ನೋಡಲು ಬಿಳಿಯರಂತೆಯೇ ಇದ್ದರು. ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಏಳು ಜನ ಬಿಳಿಯರು, ಒಬ್ಬರು ಆಫ್ರಿಕಾ ಮೂಲದವರು. ಕಾನೂನನ್ನು ಪ್ರಶ್ನಿಸಲೆಂದೇ ಗೆಳೆಯರೊಂದಿಗೆ ಮಾತಾಡಿಕೊಂಡು ಹತ್ತಿದ್ದರು. ಯಾರೆಂದು ತಾವೇ ಹೇಳಿ ಬಂಧನಕ್ಕೊಳಗಾದರು. 1896ರಲ್ಲಿ ಸುಪ್ರೀಂ ಕೋರ್ಟು ಪ್ರತ್ಯೇಕ ಬೋಗಿಗಳು ಸರಿಯೇ ಎಂದು ತೀರ್ಪು ಕೊಟ್ಟಿತು. ಆ ಊರಿನಲ್ಲಿ ಆ ತೀರ್ಪಿನ ಕೆಳಗೆ ಬದುಕುತ್ತಿದ್ದ ಸಂಸಾರಕ್ಕೆ, ಯಾರಿಗೂ ಗುರುತಿಲ್ಲದ ಉತ್ತರದ ಊರಿಗೆ ಹೋಗುವುದೆಂದರೆ ಏನೆಂದು ಮಕ್ಕಳೇ ಊಹಿಸಿದರು. ಆ ಕಾಲದಲ್ಲಿ ಬಣ್ಣದ ಕಾಲಂ ತುಂಬುತ್ತಿದ್ದವರು ಬಾಗಿಲಿಗೆ ಬಂದ ಗಣತಿದಾರರು. ಶಿಕಾಗೋದ ಆ ಮನೆಯವರು ತಾವೇ ಹಾಗೆ ಹೇಳಿದರೋ, ಬಂದವನ ಕಣ್ಣಿಗೆ ಹಾಗೆ ಕಂಡಿತೋ, ಹಾಳೆಯಲ್ಲಿ ಬರೆದಿಲ್ಲ. ಮನೆಯಲ್ಲಿ ಆ ಮಾತೇ ಬರುತ್ತಿರಲಿಲ್ಲವೆಂದು ಪೋಪರ ಅಣ್ಣ ಪತ್ರಿಕೆಯವರಿಗೆ ಹೇಳಿದ್ದಾರೆ.

ಮೂರು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ, ನಮ್ಮ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ನಾನೇ ಗಣತಿದಾರನಾಗಿ ಮನೆ ಮನೆ ತಿರುಗಿದೆ. ಜಾತಿಯ ಕಾಲಂ ಬಂದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡ ಮನೆಗಳಲ್ಲಿ ನನಗೆ ಆ ಶಿಕಾಗೋದ ಬಾಗಿಲು ನೆನಪಾಯಿತು. ಹೇಳಿದ್ದನ್ನು ದಾಖಲಿಸಿದೆ, ಅಷ್ಟೆ.

ಹೆಸರಿನ ವಿಷಯ ಇನ್ನೂ ಉಳಿದಿತ್ತು. ಪೋಪರು ತಮ್ಮ ಹೊಸ ಹೆಸರನ್ನು ತಾವೇ ಆರಿಸಿಕೊಳ್ಳುತ್ತಾರೆ. ಪ್ರಿವೋಸ್ಟ್ ಅವರು ಲಿಯೋ ಎಂಬ ಹೆಸರಿಟ್ಟುಕೊಂಡದ್ದು ಮುಖ್ಯವಾಗಿ ಹದಿಮೂರನೇ ಲಿಯೋ ಅವರನ್ನು ನೆನೆದು. 1878ರಿಂದ 1903ರವರೆಗೆ ಪೋಪರಾಗಿದ್ದ ಅವರು 1891ರಲ್ಲಿ ಕಾರ್ಖಾನೆ ಕೂಲಿಗಳ ಪರ, ನ್ಯಾಯವಾದ ಕೂಲಿ ಮತ್ತು ಸಂಘ ಕಟ್ಟುವ ಹಕ್ಕಿನ ಪರ ಪತ್ರ ಬರೆದವರು. ಆಗ ಯಂತ್ರಗಳ ಕಾಲವಾದರೆ ಈಗ ಕೃತಕ ಬುದ್ಧಿಮತ್ತೆಯ ಕಾಲ ಎಂದು ಹೊಸ ಪೋಪರು ಕಾರ್ಡಿನಲ್‌ಗಳಿಗೆ ಕಾರಣ ಹೇಳಿದರು. ಆ ಹಳೆಯ ಲಿಯೋ ನಮಗೆ ಪೂರ್ತಿ ಹೊರಗಿನವರಲ್ಲ. ಅವರ ಕಾಲದಲ್ಲೇ, 1878ರ ಕೊನೆಯ ದಿನ, ಜೆಸುಯಿಟ್ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಅವರು ತೆರೆದದ್ದೇ ಸಂತ ಅಲೋಶಿಯಸ್ ಕಾಲೇಜು. ಕನ್ನಡದ ಕ್ಯಾಥೊಲಿಕರು ಪೋಪರನ್ನು ‘ಜಗದ್ಗುರು’ ಎನ್ನುತ್ತಾರೆ ಎಂದು ಹೇಳಿದಾಗ, “ನಮ್ಮ ಮಠದಲ್ಲೂ ಹಾಗೇ ಅಂತೀವಿ” ಎಂದು ಮೂರು ನಾಲ್ಕು ದನಿ ಒಟ್ಟಿಗೆ ಎದ್ದವು.

ಬೆಲ್ ಹೊಡೆಯಿತು. ಅಟ್ಲಾಸಿನ ಹುಡುಗಿ ಮಾತ್ರ ಏಳಲಿಲ್ಲ. ಪುಟದ ಮೇಲೆ ಹೈಟಿಯಿಂದ ನ್ಯೂ ಆರ್ಲಿಯನ್ಸಿಗೆ, ಅಲ್ಲಿಂದ ಶಿಕಾಗೋಗೆ, ಕೆಳಗೆ ಪೆರುವಿಗೆ, ಮತ್ತೆ ಕಡಲು ದಾಟಿ ರೋಮಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಹೈಟಿಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಅವಳ ಅಟ್ಲಾಸಿನಲ್ಲಿ ಚುಲುಕಾನಾಸ್ ಇರಲಿಲ್ಲ. “ಎಲ್ಲಿ ಬರುತ್ತೆ ಸರ್?” ಎಂದಳು. ಪೆರುವಿನ ಉತ್ತರದಲ್ಲಿ, ಪಿಯುರಾ ಎಂಬ ಊರಿನ ಹತ್ತಿರ ಎಂದು ತೋರಿಸಿದೆ. ಅಲ್ಲಿ ತಾನೇ ಒಂದು ಚುಕ್ಕಿ ಇಟ್ಟು, ಹೆಸರು ಬರೆದುಕೊಂಡಳು.