ಯೂವ್ ಗಾಟ್ ಅ ಫ್ರೆಂಡ್

ಅಮೆರಿಕದ ಗಾಯಕಿ, ಪಿಯಾನೊ ವಾದಕಿ ಕ್ಯಾರಲ್ ಕಿಂಗ್ (ಜನನ 1942) ಬರೆದು ಸ್ವರ ಸಂಯೋಜಿಸಿದ ಪ್ರಸಿದ್ಧ ಸ್ನೇಹಗೀತೆ. 1971ರಲ್ಲಿ ಲೂ ಆಡ್ಲರ್ ನಿರ್ಮಾಣದ 'ಟ್ಯಾಪೆಸ್ಟ್ರಿ' ಗೀತಸಂಪುಟದಲ್ಲಿ ಬೆಳಕಿಗೆ ಬಂತು. ಕಿಂಗ್‌ರ ಗೆಳೆಯ, ಗಾಯಕ ಜೇಮ್ಸ್ ಟೇಲರ್ ತಮ್ಮ 'ಫೈರ್ ಆಂಡ್ ರೇನ್' ಗೀತೆಯಲ್ಲಿ ತೋಡಿಕೊಂಡಿದ್ದ ಒಂಟಿತನಕ್ಕೆ ಇದು ಉತ್ತರವಾಗಿ ಹುಟ್ಟಿತೆನ್ನಲಾಗುತ್ತದೆ.

ಕಷ್ಟದಲ್ಲಿರುವವರು ಹೆಸರು ಹಿಡಿದು ಕರೆದರೆ ಸಾಕು, ಯಾವ ಋತುವಾದರೂ ಓಡಿಬರುತ್ತೇನೆಂಬ ಭರವಸೆಯೇ ಗೀತೆಯ ತಿರುಳು. ಖಿನ್ನ ಧಾಟಿಯಲ್ಲಿ ತೊಡಗುವ ಚರಣ ಪಲ್ಲವಿಗೆ ಬರುವಾಗ ಪ್ರಸನ್ನವಾಗುತ್ತದೆ. ಸಾಂತ್ವನ ಮಾತಿನಲ್ಲಷ್ಟೇ ಅಲ್ಲ, ಸ್ವರದಲ್ಲೂ ಕೇಳಿಸುವುದು ಇದರ ದೊಡ್ಡ ಗುಣ.

ಅದೇ ವರ್ಷ ಟೇಲರ್ ಹಾಡಿದ ಆವೃತ್ತಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಜೋನಿ ಮಿಚೆಲ್ ಸಹದನಿ ನೀಡಿದ್ದಾರೆ. ರಾಬರ್ಟಾ ಫ್ಲ್ಯಾಕ್ ಮತ್ತು ಡಾನಿ ಹ್ಯಾಥವೇ ಇದನ್ನು ಯುಗಳಗೀತೆಯಾಗಿ ಹಾಡಿದರು. 1972ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಕಿಂಗ್‌ರಿಗೆ ವರ್ಷದ ಗೀತೆಯ ಗೌರವ, ಟೇಲರ್‌ಗೆ ಅತ್ಯುತ್ತಮ ಪಾಪ್ ಗಾಯಕ ಪುರಸ್ಕಾರ ದೊರೆತವು. 2010ರಲ್ಲಿ ಇಬ್ಬರೂ ಜೊತೆಯಾಗಿ ಸಂಗೀತಯಾತ್ರೆ ಕೈಗೊಂಡರು.